ಸೋಮವಾರದ ಬೆಲ್ಲ

ನಾನು ಜಮಖಂಡಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಮಹಾಲಿಂಗಪುರದಲ್ಲಿ ಬೆಲ್ಲದ ಅಂಗಡಿ ಇಟ್ಟಿರುವ ನನ್ನ ಅಣ್ಣನಿಗೆ ಸಕ್ಕರೆ ಕಾಯಿಲೆ. ಕಾಲ್ಬೆರಳಿನಲ್ಲಿ ಹುಣ್ಣಾಗಿತ್ತು; ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆದರೆ ನಮ್ಮಣ್ಣ ಡಾಕ್ಟರಿಗಿಂತ ಶಾಣ್ಯಾ.

ಸೋಮವಾರ ಅವನ ಉಪವಾಸ. ಉಪವಾಸವೆಂದು ಇನ್ಸುಲಿನ್ ಚುಚ್ಚಿಕೊಳ್ಳುವುದಿಲ್ಲ. ಹಣೆ ತುಂಬ ವಿಭೂತಿ ಬಳಿದುಕೊಂಡು ಅಂಗಡಿಗೆ ಹೋಗಿ, ರೈತರು ಮಾರಲು ತಂದ ಪೆಂಟೆ, ಅಂದರೆ ಬೆಲ್ಲದ ಅಚ್ಚು, ಒಂದೊಂದರಿಂದಲೂ ಚೂರು ಮುರಿದು, ಕಣ್ಣು ಮುಚ್ಚಿ, ಚಪ್ಪರಿಸಿ ನುಂಗುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ.

"ಉಪವಾಸ ಅಂತಿ, ಇದೇನಣ್ಣಾ?" ಎಂದು ಒಂದು ಸೋಮವಾರ ಅಂಗಡಿಗೇ ಹೋಗಿ ಕೇಳಿದೆ.

"ಇದು ತಿನ್ನೂದಲ್ಲ ತಂಗೆವ್ವಾ, ವ್ಯಾಪಾರ. ರುಚಿ ನೋಡದ ರೇಟ್ ಹೆಂಗ ಹಚ್ಚಲಿ?"

ಒಬ್ಬ ಮನುಷ್ಯ ದೇವರಿಗೂ ಡಾಕ್ಟರಿಗೂ ಒಟ್ಟಿಗೇ ಟೋಪಿ ಹಾಕುವುದನ್ನು ಅಂದು ಕಣ್ಣಾರೆ ನೋಡಿದೆ. ಆದರೂ ಬೆರಳು ಹೋದೀತೆಂಬ ಹೆದರಿಕೆ ನನಗಿತ್ತು. ರದ್ದಿ ಕಾಗದವೊಂದರ ಮೇಲೆ ಚಿತ್ರ ಬರೆದು ತಿಳಿಸಿದೆ. ಜೀವಕೋಶದ ಮೈಮೇಲೆ ಗ್ರಾಹಕ ಎನ್ನುವ ಪ್ರೋಟೀನು ನಾಟಿಕೊಂಡಿರುತ್ತದೆ, ಅರ್ಧ ಹೊರಗೆ, ಅರ್ಧ ಒಳಗೆ. ಇನ್ಸುಲಿನ್ ಹೊರಗಿನಿಂದ ಬಂದು ಅಂಟಿಕೊಂಡಾಗ ಅದರ ಆಕಾರವೇ ಬದಲಾಗುತ್ತದೆ. ಬಾಯಿ ಅಗಲಿಸಿದ್ದ ಇಕ್ಕಳ ಕೂಡಿದ ಹಾಗೆ ಅದರ ಎರಡು ಕಾಲು ಹತ್ತಿರ ಸರಿದು, ಒಳಗಿನ ತುದಿಗಳು ಒಂದನ್ನೊಂದು ಎಚ್ಚರಿಸುತ್ತವೆ. ಆಮೇಲೆಯೇ ಸಕ್ಕರೆಗೆ ಒಳಗೆ ದಾರಿ.

"ಇನ್ಸುಲಿನ್ ಬರದಿದ್ರ ಅದು ಜಪ್ಪಯ್ಯ ಅಂದ್ರೂ ಅಲ್ಲಾಡೂದಿಲ್ಲ. ನೀ ತಿಂದದ್ದೆಲ್ಲ ರಕ್ತದಾಗ ತಿರುಗತೈತಿ."

"ಅದು ಸಕ್ಕರಿ ಮಾತು. ಬೆಲ್ಲ ಅಂದ್ರ ಔಷಧ. ನಿಂದು ಪುಸ್ತಕದ ಬದನಿಕಾಯಿ!"

ಅಂಗಡಿಯಲ್ಲಿ ಕೂತಿದ್ದ ದಲಾಲಿಗಳೆಲ್ಲ "ಖರೆ ಐತ್ರಿ" ಎಂದು ತಲೆಯಾಡಿಸಿದರು. ಕೋಣನ ಮುಂದೆ ಕಿನ್ನರಿ ಬಾರಿಸಲು ಹೋಗಿದ್ದೆ. ಅಲ್ಲಿ ಕೋಣಗಳ ಹಿಂಡೇ ಇತ್ತು. ಮರುವಾರ ಅವನು ಅದೇ ಚಿತ್ರ ಗೀಚಿ ರೈತರಿಗೆ ಪಾಠ ಹೇಳುತ್ತಿದ್ದನಂತೆ. ಶುದ್ಧ ಬೆಲ್ಲ ಮುಟ್ಟಿದರೂ ಇಕ್ಕಳ ಕೂಡುತ್ತದಂತೆ, ತಂಗಿಯೇ ಹೇಳಿದಳಂತೆ. ಕೇಳಿ ಮೈಯೆಲ್ಲ ಉರಿದುಹೋಯಿತು.

ಶ್ರಾವಣ ಮುಗಿಯುವ ಹೊತ್ತಿಗೆ ಬೆರಳು ಕಪ್ಪಾಯಿತು. ನಾನೇ ಎಳೆದುಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರು ಹುಣ್ಣಿನೊಳಗೆ ಚಿಮಟ ಆಡಿಸುತ್ತಿದ್ದರೆ ಈ ಮಹಾಶಯ ಫೋನಿನಲ್ಲಿ ಪೇಟೆಯ ದರ ವಿಚಾರಿಸುತ್ತಿದ್ದ. ಫೋನಿಟ್ಟು ನನ್ನ ಕಡೆ ತಿರುಗಿ ನಕ್ಕ.

"ನೋಡಿದೇನು? ಇರುವಿ ಕಡದಷ್ಟೂ ನೋವಿಲ್ಲ. ಆರಾಮ ಆಗೇತಿ."

ಡಾಕ್ಟರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಸಕ್ಕರೆ ಬೆರಳಿನ ನರಗಳನ್ನೇ ಕೊಂದುಹಾಕಿತ್ತು. ದಾರಿಯುದ್ದಕ್ಕೂ ಕೂಡಿಟ್ಟುಕೊಂಡು ಬಂದ ಬೈಗುಳಗಳನ್ನೆಲ್ಲ ಬಿಟ್ಟು ಅವನ ಪಕ್ಕ ಕೂತೆ.

"ನೋವು ಆಗಬೇಕಿತ್ತು ಅಣ್ಣಾ," ಅಂದೆ.