ಪರದೆಯ ಮೇಲಿನ ಎರಡು ಕಪ್ಪು ಕಲೆಗಳು

ಎಂಬತ್ತರ ದಶಕದ ಕೊನೆಯ ವರ್ಷಗಳವು. ನಮ್ಮತ್ತೆಯ ಲಿವರಿನಲ್ಲಿ ಕಿತ್ತಳೆ ಹಣ್ಣಿನಷ್ಟು ದೊಡ್ಡ ನೀರುಗುಳ್ಳೆ ಬೆಳೆದಿತ್ತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಮಾಡಿ ತೆಗೆದರು. ನಾಯಿಯ ಕರುಳಲ್ಲಿರುವ ಒಂದು ಹುಳುವಿನ ಮೊಟ್ಟೆ ನಮ್ಮ ಹೊಟ್ಟೆ ಸೇರಿದರೆ ಹೀಗಾಗುತ್ತದಂತೆ. ಮತ್ತೆ ಬೆಳೆಯಲೂಬಹುದು, ಮೂರು ತಿಂಗಳು ಬಿಟ್ಟು ಸ್ಕ್ಯಾನಿಂಗಿಗೆ ಬನ್ನಿ ಎಂದಿದ್ದರು.

ನನ್ನ ಗಂಡನಿಗೆ ತೋಟದಲ್ಲಿ ಕಾಯಿ ಕೀಳಿಸುವ ಕೆಲಸವಿತ್ತು. ಹಾಗಾಗಿ ನಮ್ಮೂರು ಶೆಟ್ಟಿಕೆರೆಯಿಂದ ಅತ್ತೆಯನ್ನು ನಾನೇ ಕರೆದುಕೊಂಡು ಹೊರಟೆ. ರಾತ್ರಿ ಬೆಂಗಳೂರಿನಲ್ಲೇ ಇದ್ದ ನಮ್ಮಕ್ಕನ ಮನೆಯಲ್ಲಿ ಉಳಿದೆವು. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದಿದ್ದರಿಂದ ಬೆಳಿಗ್ಗೆ ಅತ್ತೆ ಕಾಫಿ ಮುಟ್ಟಲಿಲ್ಲ. ಅವರೆದುರು ಕುಡಿಯಲು ಮನಸ್ಸಾಗದೆ ನಾನೂ ಬಿಟ್ಟೆ.

ಸ್ಕ್ಯಾನಿಂಗ್ ಕೋಣೆಯಲ್ಲಿ ಒಬ್ಬರೇ ಡಾಕ್ಟರಮ್ಮ. ಅತ್ತೆಯ ಹೊಟ್ಟೆಗೆ ತಣ್ಣನೆಯ ಲೋಳೆ ಹಚ್ಚಿ, ಮುಷ್ಟಿಯಲ್ಲಿ ಹಿಡಿಯುವಷ್ಟಿದ್ದ ಒಂದು ಸಾಧನವನ್ನು ಪಕ್ಕೆಲುಬಿನ ಕೆಳಗೆ ಒತ್ತಿದರು. ಕಿವಿಗೆ ಕೇಳಿಸದ ಶಬ್ದ ಒಳಗೆ ಹೋಗಿ, ಬಡಿದು ವಾಪಸು ಬರುತ್ತದೆ, ಅದೇ ಚಿತ್ರವಾಗುತ್ತದೆ ಎಂದರು. ಶಬ್ದ ಹೇಗೆ ಕಣ್ಣಿಗೆ ಕಾಣುತ್ತದೆ ಎಂಬುದು ನನಗೆ ಅರ್ಥವಾಗಲಿಲ್ಲ. ಆದರೂ ಪರದೆಯಿಂದ ಕಣ್ಣು ಕೀಳಲಾಗಲಿಲ್ಲ. ಬೂದುಬಣ್ಣದ ನಡುವೆ ಕಪ್ಪಗೆ, ಗುಂಡಗೆ ಏನೋ ಇತ್ತು. ಅತ್ತೆಯೂ ಕತ್ತು ತಿರುಗಿಸಿ ನೋಡಿದರು.

“ಅಲ್ಲೇ ಐತಲ್ಲೇ,” ಎಂದರು ನನಗೆ, ಮೆಲ್ಲಗೆ.

ಡಾಕ್ಟರಮ್ಮ ಕೈ ನಿಲ್ಲಿಸಿದರು. ಅದು ಗುಳ್ಳೆಯಲ್ಲ, ಗುಳ್ಳೆ ತೆಗೆದ ಜಾಗ, ಒಂದಿಷ್ಟು ನೀರು ನಿಂತಿದೆ, ಮುಚ್ಚಿಕೊಳ್ಳಲು ತಿಂಗಳುಗಟ್ಟಲೆ ಬೇಕು ಎಂದು ವಿವರಿಸಿದರು. ಒಳಗೆ ಮರಿಗುಳ್ಳೆಗಳು ಕಾಣುತ್ತವೆಯೇ ಎಂದು ನೋಡುವುದೇ ತಮ್ಮ ಕೆಲಸವಂತೆ. ಕಾಣಲಿಲ್ಲ. ಉಸಿರು ಬಿಗಿಹಿಡಿಯಿರಿ ಎಂದು ಹೇಳಿ ಅಗಲ ಅಳೆದು ಬರೆದುಕೊಂಡರು.

ಅತ್ತೆಗೆ ಸಮಾಧಾನವಾಗಲಿಲ್ಲ. ಪಕ್ಕದಲ್ಲಿದ್ದ ಇನ್ನೊಂದು ಕಪ್ಪು ಕಲೆಗೆ ಬೆರಳು ತೋರಿಸಿದರು. ಅದು ಪಿತ್ತಕೋಶ, ಎಲ್ಲರಿಗೂ ಇರುತ್ತದೆ ಎಂದರು ಡಾಕ್ಟರಮ್ಮ.

“ಎಲ್ಲಾರ್ಗೂ ಅಂದ್ರೆ, ನಮ್ಮ ಸೊಸೆಗೂ ಐತಾ? ವಸಿ ತೋರಿಸ್ರವ್ವ.”

ನಾನು ನಾಚಿಕೆಯಿಂದ ಬೇಡವೆಂದೆ. ಹೊರಗೆ ಬೇರೆ ಯಾರೂ ಕಾದಿರಲಿಲ್ಲ. ಡಾಕ್ಟರಮ್ಮ ನಗುತ್ತಾ, ಬಾಮ್ಮ ಮಲಗು ಎಂದರು. ಅತ್ತೆ ಸೆರಗು ಸರಿಮಾಡಿಕೊಂಡು ನಾನು ನಿಂತಿದ್ದ ಕಡೆ ಬಂದು ನಿಂತರು. ಎರಡು ಮಕ್ಕಳನ್ನು ಹೆತ್ತರೂ ನನ್ನ ಮೈಯೊಳಗೆ ಏನಿದೆಯೆಂದು ನಾನು ಯೋಚಿಸಿದವಳೇ ಅಲ್ಲ. ಪರದೆಯ ಮೇಲೆ ನನ್ನ ಲಿವರ್ ಉಸಿರಿಗೆ ತಕ್ಕಂತೆ ಮೇಲೆ ಕೆಳಗೆ ಜಾರುತ್ತಿತ್ತು. ಅದರಡಿಯಲ್ಲಿ ಪಿತ್ತಕೋಶ, ಅತ್ತೆಯದರ ಹಾಗೆಯೇ. ಅತ್ತೆ ಬಗ್ಗಿ, ಬಹಳ ಹೊತ್ತು ನೋಡಿ, “ಹಂಗಾರೆ ಸರಿ ಬುಡಿ,” ಎಂದರು.

ಆಸ್ಪತ್ರೆಯೆದುರಿನ ಹೋಟೆಲಿನಲ್ಲಿ ಅವರು ನಾಲ್ಕು ಇಡ್ಲಿ ತಿಂದರು. ಆಪರೇಷನ್ ಆದಮೇಲೆ ಅಷ್ಟು ತಿಂದಿದ್ದು ಅದೇ ಮೊದಲು.

ಆರು ತಿಂಗಳ ನಂತರ ಹೋದಾಗ ಆ ಜಾಗ ಅರ್ಧಕ್ಕಿಳಿದಿತ್ತು. ಮರುವರ್ಷ ಬರೀ ಒಂದು ಬಿಳಿ ಗೆರೆ. ತೋಟದ ನಾಯಿಯನ್ನು ಅತ್ತೆ ಓಡಿಸಲಿಲ್ಲ. ಅದರ ಮೈ ಸವರಿದ ಮೊಮ್ಮಕ್ಕಳನ್ನು ಮಾತ್ರ, ಸೋಪು ಹಚ್ಚಿ ಕೈ ತೊಳೆಯುವ ತನಕ ಅಡುಗೆಮನೆಯ ಹೊಸಿಲು ದಾಟಲು ಬಿಡುತ್ತಿರಲಿಲ್ಲ.