ಆರಿದ ರೊಟ್ಟಿ

ಹೈದರಾಬಾದಿನ ನಾಚಾರಂನಲ್ಲಿ ನಮ್ಮ ಪಕ್ಕದ ಮನೆಯವರು ನಿವೃತ್ತ ಸ್ಟೇಷನ್ ಮಾಸ್ತರರು, ರಾಯಚೂರು ಕಡೆಯವರು. ದಿನಾ ಮಧ್ಯಾಹ್ನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಂಪ್ಯೂಟರಿನ ಆಟದಲ್ಲಿ ಅದೇ ಊರಿನ ಲೋಕಲ್ ರೈಲುಗಳಿಗೆ ಸಿಗ್ನಲ್ ಕೊಡುತ್ತಾ ಕೂರುತ್ತಿದ್ದರು. ಹಸಿರು ಕೊಡುವ ಮುನ್ನ ಪರದೆಯ ಹಳಿಗುಂಟ ತೋರುಬೆರಳು ಆಡಿಸಿ, "ಲೈನ್ ಖಾಲಿ ಐತಿ" ಎಂದು ಗಟ್ಟಿಯಾಗಿ ಹೇಳಿಕೊಳ್ಳಲೇಬೇಕು. ಹೆಂಡತಿ ಊಟಕ್ಕೆ ಕರೆದರೆ ಒಂದೇ ಉತ್ತರ: "ಗಾಡಿ ದಾರಿ ಮ್ಯಾಗ ಐತಿ, ಬಂದೆ."

ರೊಟ್ಟಿ ದಿನಾ ಆರುತ್ತಿತ್ತು.

ಒಂದು ಭಾನುವಾರ ನಾನು ಅವರ ಮನೆಗೆ ಹೋದಾಗ, ಆಟಕ್ಕೆಂದೇ ಇಟ್ಟಿದ್ದ ರಿಜಿಸ್ಟರಿನಲ್ಲಿ ನನ್ನ ಸಹಿ ಹಾಕಿಸಿಕೊಂಡು, "ಚಾರ್ಜ್ ತಗೋರಿ" ಎಂದು ಊಟಕ್ಕೆ ಎದ್ದರು. ಎರಡು ರೈಲು ಒಟ್ಟಿಗೆ ಬಂದವು. ನಾನು ಹೆದರಿ ಆಟವನ್ನೇ ನಿಲ್ಲಿಸಿಬಿಟ್ಟೆ; ಪರದೆಯ ಮೂಲೆಯ ಗಡಿಯಾರವೂ ನಿಂತಿತು.

ಕೈ ತೊಳೆದು ಬಂದವರು ಬೆಚ್ಚಿದರು. "ಗಡಿಯಾರಾನ ನಿಲ್ಲಿಸೀರಲ್ರೀ! ಇದನ್ನ ನಿಲ್ಲಸಾಕೂ ಬರ್ತೈತೇನ್ರಿ?"

ಬಾಗಿಲಲ್ಲಿ ಅವರ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕರು. "ಮೂವತ್ತು ವರ್ಷಕ್ಕ ಇವತ್ತ ಬಿಸಿ ರೊಟ್ಟಿ ಉಂಡಾರ. ನೀವು ದಿನಾ ಬರ್ರಿ."

ಮಾಸ್ತರರೂ ನಕ್ಕರು. ನಗುತ್ತಲೇ ನನ್ನ ತಪ್ಪನ್ನು ರಿಜಿಸ್ಟರಿನಲ್ಲಿ ಬರೆದರು.

ಈಗ ನಾನು ಕೂತ ಲೋಕಲ್ ಕೆಂಪು ದೀಪಕ್ಕೆ ನಿಂತು ಜನ ಗೊಣಗಿದರೆ, ನಾನೊಬ್ಬ ಗೊಣಗುವುದಿಲ್ಲ. ಪಾಪ, ಅಲ್ಲಿ ಯಾರದೋ ರೊಟ್ಟಿ ಆರುತ್ತಿದೆ ಎಂದುಕೊಳ್ಳುತ್ತೇನೆ.