ಬುಧವಾರದ ಹನ್ನೆರಡೂ ಹತ್ತು

ಈಗಷ್ಟೇ ಮೊಬೈಲು ಟಿಣ್ ಎಂದಿತು. "ಮಧ್ಯರಾತ್ರಿಯ ಫ್ಲೈಟುಗಳು ನಿಮಗಾಗಿ ಕಾದಿವೆ!" ಸುಳ್ಳು ಕಣ್ರೀ. ಅವು ಯಾರಿಗೂ ಕಾಯುವುದಿಲ್ಲ, ನನಗಂತೂ ಕಾಯಲಿಲ್ಲ.

ಎರಡು ವರ್ಷದ ಹಿಂದೆ ದಿಲ್ಲಿಯಿಂದ ಸ್ಟೆಲ್ಲಾ ಫೋನ್ ಮಾಡಿದ್ದಳು. ಕಾನ್ವೆಂಟ್ ಹಾಸ್ಟೆಲಿನಲ್ಲಿ ಏಳು ವರ್ಷ ನನ್ನ ಪಕ್ಕದ ಮಂಚದವಳು. ಗಂಟಲಲ್ಲಿ ಕ್ಯಾನ್ಸರು, ಗುರುವಾರ ಬೆಳಿಗ್ಗೆ ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. "ಅಷ್ಟರೊಳಗೆ ಬಾರೇ, ಕೊನೇ ಸಲ ನಿನ್ನನ್ನ ಬಾಯ್ತುಂಬ ಬೈಬೇಕು," ಅಂದಳು. ಬೈಸಿಕೊಳ್ಳಲು ಇಷ್ಟು ಆತುರಪಟ್ಟವಳು ನಮ್ಮ ಇಡೀ ಶಿಕಾರಿಪುರದಲ್ಲಿ ನಾನೊಬ್ಬಳೇ ಇರಬೇಕು.

ಆಗ ನಾನು ಸೊರಬದ ಕಡೆ, ಹೊಸಬಾಳೆಯ ತಮ್ಮನ ಮನೆಯಲ್ಲಿದ್ದೆ. ಮಂಗಳವಾರ ಪಹಣಿ ಕೆಲಸಕ್ಕೆ ನನ್ನ ಸಿಗ್ನೇಚರ್ ಬೇಕಿತ್ತು. ಅದಾದಮೇಲೆ ಬುಧವಾರ ರಾತ್ರಿ ಬೆಂಗಳೂರಿನಿಂದ ಹಾರಿದರೆ ಗುರುವಾರ ನಸುಕಿಗೇ ಅವಳ ಮುಂದೆ. ಭಾನುವಾರ ಕೂತು ಹುಡುಕಿದೆ. ಆ ವೆಬ್‌ಸೈಟು ಕೇಳದ ಪ್ರಶ್ನೆಯಿಲ್ಲ: ಕಿಟಕಿ ಬೇಕಾ, ಸ್ಯಾಂಡ್‌ವಿಚ್ ಬೇಕಾ, ಸತ್ತರೆ ಇನ್ಶೂರೆನ್ಸ್ ಬೇಕಾ. 'ಯಾವ ರಾತ್ರಿ ಹೊರಡ್ತೀಯಮ್ಮಾ' ಎಂದು ಮಾತ್ರ ಕೇಳಲಿಲ್ಲ. ಬುಧವಾರ, 00:10. ಒತ್ತಿದೆ.

ತಮ್ಮನ ಹೆಂಡತಿ ಗಂಗಾ ಅಕ್ಕಿ ಆರಿಸುತ್ತಿದ್ದವಳು ಇಣುಕಿದಳು. "ಅಕ್ಕಾ, ಬುಧವಾರದ ಹನ್ನೆರಡೂ ಹತ್ತು ಅಂದ್ರೆ ಮಂಗಳವಾರ ಉಂಡೇ ಹೊರಡ್ಬೇಕಲ್ವೇನ್ರೀ? ನಮ್ಮ ಗದ್ದೆಗೆ ರಾತ್ರಿ ಪಾಳಿ ಕರೆಂಟು ಕೊಡೋದೂ ಹಂಗೇಯ. ಒಂದ್ಸಲ ನಿಮ್ಮ ತಮ್ಮ ಬುಧವಾರ ರಾತ್ರಿ ಹೋಗಿ ಮೋಟರು ಒತ್ತಿದ್ರು. ಕರೆಂಟು ಹಿಂದಿನ ರಾತ್ರೀನೇ ಬಂದು ಹೋಗಿತ್ತು."

"ಗಂಗಾ, ಏರೋಪ್ಲೇನ್ ಏನು ನಿನ್ನ ಪಂಪ್‌ಸೆಟ್ಟಾ?" ಅಂದೆ.

"ಹಂಗಾರೆ ಸರಿ ಬಿಡ್ರಿ. ಇಂಗ್ಲಿಷ್ ಕಲ್ತೋರು ನೀವು," ಎಂದು ಅವಳು ಮತ್ತೆ ಕಲ್ಲು ಆರಿಸತೊಡಗಿದಳು.

ಬುಧವಾರ ರಾತ್ರಿ, ಸಿಲ್ಕ್ ಸೀರೆ ಉಟ್ಟು, ಎರಡು ಗಂಟೆ ಮುಂಚೆಯೇ ಏರ್‌ಪೋರ್ಟಿನಲ್ಲಿ ಹಾಜರಾದೆ. ಕೌಂಟರಿನ ಹುಡುಗಿ ಟಿಕೆಟನ್ನು ಎರಡು ಸಲ ನೋಡಿ, "ಮ್ಯಾಮ್, ಇದು ನಿನ್ನೆ ರಾತ್ರಿ ಹೋಯ್ತು," ಅಂದಳು. ನಾನು ಆಕೆಗೆ ಎ.ಎಂ., ಪಿ.ಎಂ. ಪಾಠ ಶುರುಮಾಡಿದೆ, ನಮ್ಮ ಕಾನ್ವೆಂಟ್ ಸಿಸ್ಟರುಗಳದೇ ಗತ್ತಿನಲ್ಲಿ. ಪೂರ್ತಿ ಕೇಳಿಸಿಕೊಂಡು, "ಯೆಸ್ ಮ್ಯಾಮ್. ಎ.ಎಂ.," ಎಂದಳು ಪಾಪ. ಪಾಠ ಅಲ್ಲಿಗೇ ಮುಗಿಯಿತು.

ಆ ರಾತ್ರಿಯ ಫ್ಲೈಟಿನಲ್ಲಿ ಸೀಟು ಇರಲಿಲ್ಲ. ಬೆಳಿಗ್ಗೆಯ ವಿಮಾನ ಹಿಡಿದು ಆಸ್ಪತ್ರೆ ಮುಟ್ಟುವಾಗ ಗುರುವಾರ ಮಧ್ಯಾಹ್ನ. ಸ್ಟೆಲ್ಲಾಳ ಕತ್ತಿಗೆ ಉಸಿರಿನ ನಳಿಕೆ ಬಿದ್ದಿತ್ತು. ಎರಡು ದಿನದ ಮೇಲೆ ಪ್ಯಾಡು ತರಿಸಿಕೊಂಡು ಬರೆದಳು: "ಲೇಟ್ ಕಮರ್. ಸ್ಟ್ಯಾಂಡ್ ಔಟ್‌ಸೈಡ್." ಬರೆದು ನಕ್ಕಳು. ಭುಜ ಕುಲುಕಿತು, ಸದ್ದಿಲ್ಲ. ನಾನು ನಿಜವಾಗಿಯೂ ಹೊರಗೆ ಹೋಗಿ ನಿಂತೆ. ಅವಳೆದುರು ಅಳುವಂತಿರಲಿಲ್ಲವಲ್ಲ.

ಇವತ್ತು ಮತ್ತೆ ದಿಲ್ಲಿಗೆ ಟಿಕೆಟ್ ನೋಡುತ್ತಿದ್ದೇನೆ. ಒತ್ತುವ ಮೊದಲು ಗಂಗಾಳಿಗೆ ಫೋನ್ ಮಾಡಿ, ಯಾವ ದಿನ ಉಂಡು ಹೊರಡಲಿ ಎಂದು ಕೇಳಿದೆ. ಕೇಳುವುದಕ್ಕೆ ಈಗ ನಾಚಿಕೆಯೇನಿಲ್ಲ. ಬರುತ್ತೇನೆಂದು ಸ್ಟೆಲ್ಲಾಳಿಗೆ ಮೆಸೇಜು ಹಾಕಿದರೆ ತಕ್ಷಣ ಒಂದು ಪುಟ ಬೈಗುಳ ಬಂತು, ಸ್ಪೆಲಿಂಗ್ ಒಂದೂ ತಪ್ಪಿಲ್ಲ. ಅವಳ ದನಿಯಲ್ಲೇ ಕೇಳಿಸಿಕೊಳ್ಳೋಣವೆಂದು ಕಣ್ಣು ಮುಚ್ಚಿದೆ. ಬಂದದ್ದು ನನ್ನದೇ ದನಿ.